‘ಜ್ಞಾಪಕ ಇಲ್ಲ’ ಎನ್ನುವ ಅಭ್ಯಾಸ

೯ ಫೆಬ್ರವರಿ ೧೯೪೩, ಮಂಗಳವಾರ
ಹೊಳೆನರಸೀಪುರ

ನನಗೆ ಅನ್ಯಾಯವಾಗಿದೆ. ಆದದ್ದು ನಿನ್ನೆ ಸೋಮವಾರ, ಹಾಡಹಗಲಿನಲ್ಲಿ, ನನ್ನ ಸ್ವಂತ ಮನೆಯವರಿಂದ. ಸಕ್ಕರೆ ಪರ್ಮಿಟ್ಟಿನ ವಿಚಾರಕ್ಕೆ ಹಾಸನದಲ್ಲಿ ಕರೆದಿದ್ದಾರೆ ಎಂದು ಸುಳ್ಳು ಹೇಳಿ ನನ್ನನ್ನು ಇದ್ದಿಲು ಬಸ್ಸಿಗೆ ಹತ್ತಿಸಿದರು. ಯುದ್ಧ ಬಂದು ಪೆಟ್ರೋಲು ಹೋಯಿತು, ಇದ್ದಿಲು ಬಂತು. ಈಗ ಬಸ್ಸಿಗೂ ದಮ್ಮಿನ ಕಾಯಿಲೆ. ಏರು ಬಂದಲ್ಲೆಲ್ಲ ಅದು ಕೆಮ್ಮಿ ನಿಂತಿತು, ನಾವು ಇಳಿದು ತಳ್ಳಿದೆವು. ಹಾಸನದಲ್ಲಿ ನನ್ನನ್ನು ಯಾರೂ ಕರೆದಿರಲಿಲ್ಲ. ಗುಮಾಸ್ತ ನನ್ನನ್ನು ಕನಿಕರದಿಂದ ನೋಡಿ, ನೀರು ಕುಡಿಯಿರಿ ಎಂದ.

ಸಂಜೆ ಮನೆಗೆ ಬಂದರೆ ಕೇಸರಿಬಾತಿನ ವಾಸನೆ. ಸಕ್ಕರೆ ಇಲ್ಲವೆಂದು ನನಗೆ ಬೆಲ್ಲದ ಕಾಫಿ ಕೊಡುವ ಮನೆಯಲ್ಲಿ ಕೇಸರಿಬಾತು. ನಡುಮನೆಯಲ್ಲಿ ಹೊಸ ಚಾಪೆ, ಮಗಳ ತಲೆಯಲ್ಲಿ ಕನಕಾಂಬರ. ನಾನಿಲ್ಲದಾಗ ಚನ್ನರಾಯಪಟ್ಟಣದಿಂದ ಗಂಡಿನ ಕಡೆಯವರು ಬಂದು, ಪ್ರೇಮಕುಮಾರಿಯನ್ನು ನೋಡಿ, ತಿಂದು, ಮೆಚ್ಚಿ ಹೋಗಿದ್ದರು.

ಸಂಚು ಹೂಡಿದವನು ನನ್ನ ಹೆಂಡತಿಯ ತಮ್ಮ, ಅರಕಲಗೂಡಿನ ಬಸವರಾಜು. ಅಡಿಗೆಮನೆಯ ಬಾಗಿಲಲ್ಲಿ ಒರಗಿ ನಿಂತು ಹಲ್ಲು ಗಿಂಜುತ್ತಿದ್ದ.

“ಬಯ್ಯೋದಾದ್ರೆ ಬೈರಿ ಭಾವ. ಆದ್ರೆ ನೀವಿಲ್ಲದಿದ್ದಕ್ಕೇ ಒಪ್ಪಿದ್ರು.”

“ನಾನು ಹುಡುಗಿಯ ತಂದೆ.”

“ಅದೇ ತೊಂದ್ರೆ.”

ಇದಕ್ಕೆ ಸುವರ್ಣಮ್ಮ ನಕ್ಕಳು. ನನ್ನ ಹೆಂಡತಿ ನಗುವುದು ಅಪರೂಪ. ನಕ್ಕದ್ದು ಇದಕ್ಕೆ.

೧೧ ಫೆಬ್ರವರಿ, ಗುರುವಾರ

ಏನನ್ನೂ ಮರೆಯದವನಿಗೆ ದಿನಚರಿ ಏಕೆ? ಈ ಪ್ರಶ್ನೆಯನ್ನು ನಾನೇ ಕೇಳಿದೆ. ಪುಸ್ತಕ ತಂದುಕೊಟ್ಟ ಮಗಳು, “ಅಪ್ಪಾಜಿ, ಅಮ್ಮನ ಹತ್ರ ಹೇಳೋದನ್ನೆಲ್ಲ ಇದರಲ್ಲಿ ಬರೀರಿ. ಇದಕ್ಕೆ ತಲೆನೋವು ಬರಲ್ಲ” ಎಂದಳು.

ನನಗೆ ಮರೆವು ಇಲ್ಲ. ಇದು ಹೆಮ್ಮೆಯ ಮಾತಲ್ಲ, ಕೆಲವರಿಗೆ ಬೆವರು ವಾಸನೆ ಇರುವ ಹಾಗೆ ನನಗೆ ಇದು. ನನ್ನದು ಪೇಟೆಬೀದಿಯಲ್ಲಿ ಅರಿಸಿನ, ಕರ್ಪೂರ, ಜೀರಿಗೆ ಮಾರುವ ಅಂಗಡಿ. ಪೊಟ್ಟಣ ಕಟ್ಟುವ ಹಳೆಯ ಪತ್ರಿಕೆಗಳನ್ನು ಮೊದಲು ಓದಿ ಆಮೇಲೆ ಹರಿಯುತ್ತೇನೆ, ಓದಿದ್ದು ಹರಿಯುವುದಿಲ್ಲ. ಕೇಳಿದ್ದೂ ಅಷ್ಟೆ. ಯಾರು ಯಾವ ಮದುವೆಯಲ್ಲಿ ಯಾರಿಗೆ ಏನೆಂದರು, ಎನ್ನುವಾಗ ಎಲೆಯಲ್ಲಿ ಯಾವ ಪಲ್ಯವಿತ್ತು, ಎಲ್ಲ ಇದೆ. ಊರಿನವರು ಹೊಲದ ಎಲ್ಲೆ ಕೇಳಲು ಬರುತ್ತಿದ್ದರು, ಹೆರಿಗೆಯ ತಿಥಿ ಕೇಳಲು ಬರುತ್ತಿದ್ದರು. ಏಕಸಂಧಿಗ್ರಾಹಿ ಗಂಗಾಧರಯ್ಯ ಎಂದು ಛತ್ರದಲ್ಲಿ ನನಗೆ ಶಾಲು ಹೊದಿಸಿದರು. ಹೊದಿಸಿದವನು ಭಾಷಣದಲ್ಲಿ ನನ್ನ ತಂದೆಯ ಹೆಸರು ತಪ್ಪು ಹೇಳಿದ. ಎದ್ದು ತಿದ್ದಿದೆ. ಅಂದಿನಿಂದ ನನಗೆ ಬೆನ್ನ ಹಿಂದೆ ಇನ್ನೊಂದು ಬಿರುದು: ಕೊಂಕುಬಾಯಿ.

ನನ್ನಿಂದ ಮಗಳ ಎರಡು ಸಂಬಂಧ ತಪ್ಪಿಹೋದವು ಎಂದು ಮನೆಯವರ ದೂರು. ವಿಚಾರಿಸೋಣ. ಅರಕಲಗೂಡಿನ ಬೀಗರಾಗಬೇಕಿದ್ದವರು ಹೋಳಿಗೆ ತಿಂದು, “ಇಂಥಾ ಹೋಳಿಗೆ ನನ್ನ ಜನ್ಮದಲ್ಲೇ ತಿಂದಿಲ್ಲ” ಎಂದರು. ಇದೇ ಮಾತನ್ನು, ಇದೇ ರಾಗದಲ್ಲಿ, ಅವರು ರಾಮನಾಥಪುರದ ಒಂದು ಮದುವೆಯಲ್ಲಿ ಸೀದುಹೋದ ಹೋಳಿಗೆಗೂ ಹೇಳಿದ್ದರು. ಜ್ಞಾಪಿಸಿದೆ. ಹಾಸನದವರ ಮನೆಯ ಅಜ್ಜಿ ತನಗೆ ಅರವತ್ತು ಎಂದರು. ಗಾಂಧಿ ಉಪ್ಪು ಮಾಡಿದ ವರ್ಷವೂ ಅವರಿಗೆ ಅರವತ್ತೇ ಆಗಿತ್ತು. ಕೇಳಿದೆ. ಇದರಲ್ಲಿ ನನ್ನ ತಪ್ಪೇನು?

ಪ್ರೇಮಕುಮಾರಿಗೆ ಇಪ್ಪತ್ತೊಂದು ತುಂಬಿತು. ಬೀದಿಯಲ್ಲಿ ಅವಳ ವಾರಗೆಯವರೆಲ್ಲ ಕಂಕುಳಲ್ಲಿ ಮಗು ಎತ್ತಿಕೊಂಡಿದ್ದಾರೆ.

೧೪ ಫೆಬ್ರವರಿ, ಭಾನುವಾರ

ಚನ್ನರಾಯಪಟ್ಟಣದಿಂದ ಸುದ್ದಿ ತಂದು ಬಸವರಾಜು ಮುಖ ಇಳಿಬಿಟ್ಟುಕೊಂಡು ಕೂತಿದ್ದಾನೆ. ಹುಡುಗನ ತಂದೆ ಕೊಬ್ಬರಿ ವ್ಯಾಪಾರದ ಚಂದ್ರಯ್ಯನವರು. ಒಪ್ಪಿಗೆ ಇದೆ, ಮಾತುಕತೆ ಮುಗಿದಿದೆ, ಒಪ್ಪುವೀಳ್ಯಕ್ಕೆ ಮುಂದಿನ ತಿಂಗಳು ಇಲ್ಲಿಗೇ ಬರುತ್ತಾರೆ. ಒಂದೇ ಒಂದು ಆಸೆಯಂತೆ.

“ಅದೇನು ಆಸೆ?”

“ಅವರ ತಂದೆ ವೀರಭದ್ರಯ್ಯನೋರು ಪ್ಲೇಗಿನ ವರ್ಷ ನಿಮ್ಮೂರಿಂದ ಓಡಿಹೋದ ಜನಕ್ಕೆಲ್ಲ ಮನೆ ಬಾಗ್ಲು ತೆಗೆದು ಅನ್ನ ಹಾಕಿದ್ರಂತೆ. ಆ ಸಂಗತೀನ ಏಕಸಂಧಿಗ್ರಾಹಿ ಗಂಗಾಧರಯ್ಯನೋರ ಬಾಯಲ್ಲಿ ನಾಲ್ಕು ಜನದ ಮುಂದೆ ಕೇಳಬೇಕಂತೆ. ವೀಳ್ಯ ಬದಲಾಯಿಸೋ ಮುಂಚೆ.”

ಬಸವರಾಜು ನನ್ನ ಮುಖ ನೋಡಿ, “ತೆಗೀಲಿಲ್ಲ ಅಲ್ವಾ?” ಎಂದ.

ತೆಗೆಯಲಿಲ್ಲ. ಪ್ಲೇಗಿಗೆ ಹೆದರಿ ಊರು ಬಿಟ್ಟ ಸಂಜೆ ಹೊಳೆನರಸೀಪುರದಿಂದ ಚನ್ನರಾಯಪಟ್ಟಣಕ್ಕೆ ಮೂರು ಗಾಡಿ ಹೋಗಿದ್ದವು. ಹುಡುಗ ನಾನು ಮುಂದಿನ ಗಾಡಿಯಲ್ಲಿದ್ದೆ. ನನ್ನ ಸೋದರತ್ತೆ ಗುರುಸಿದ್ದಮ್ಮ ಆಗಿನ್ನೂ ಹೊಸ ಮದುಮಗಳು. ಅವಳ ಗಂಡ ಕಂಬಳಿ ಹೊದ್ದು ನನ್ನ ಪಕ್ಕ ಮಲಗಿದ್ದ, ಅವನ ಮೈಶಾಖ ನನ್ನ ತೊಡೆಗೆ ತಾಕುತ್ತಿತ್ತು. ವೀರಭದ್ರಯ್ಯನವರ ಮನೆ ಬಾಗಿಲಿಗೆ ಎರಡು ಹಿತ್ತಾಳೆ ಬಳೆ. ಬಡಿದೆವು. ಮಾಳಿಗೆಯ ಕಿಟಕಿಯಿಂದ ಅವರದೇ ದನಿ ಬಂತು: “ಮನೇಲಿ ಯಾರೂ ಇಲ್ಲ. ಮುಂದಕ್ಕೆ ಹೋಗಿ.” ಇಲ್ಲದವರು ಮಾತಾಡಿದರಲ್ಲ ಎಂದು ನನಗೆ ನಗು ಬಂತು, ಗಾಡಿ ಹೊಡೆಯುತ್ತಿದ್ದ ಬೈರ ತಲೆಗೊಂದು ಮೊಟಕಿದ. ಮಾವ ಬೆಳಗಾಗುವುದರೊಳಗೆ ಕೆರೆ ಏರಿಯ ಹೊಂಗೆ ಮರದ ಕೆಳಗೆ ತೀರಿಕೊಂಡ. ಕಂಬಳಿಗೆ ಮೂಲೆಯಲ್ಲಿ ಕೆಂಪು ಅಂಚಿತ್ತು.

ಇದನ್ನು ಹೇಳಲೇ, ನಾಲ್ಕು ಜನದ ಮುಂದೆ?

೧೫ ಫೆಬ್ರವರಿ, ಸೋಮವಾರ

ಬಸವರಾಜು ಮತ್ತೆ ಬಂದಿದ್ದ. ಚಂದ್ರಯ್ಯ ಕೇಳಿದಾಗ ಜೋರಾಗಿ ಕೆಮ್ಮಿಬಿಡಿ ಅಂದ. ನಾನು ಬಸ್ಸಲ್ಲ ಅಂದೆ.

೨೧ ಫೆಬ್ರವರಿ, ಭಾನುವಾರ

ಮಗಳು ಅಂಗಡಿಗೆ ಊಟ ತಂದಳು. ಎಂದೂ ತರುವವಳಲ್ಲ. ಬುತ್ತಿ ಬಿಚ್ಚದೆ ಎದುರಿಗೆ ಕೂತಳು.

“ಅಪ್ಪಾಜಿ, ಆ ಹುಡುಗ ನನ್ನನ್ನ ಹಾಡು ಅನ್ನಲಿಲ್ಲ. ನಡೆದು ತೋರಿಸು ಅನ್ನಲಿಲ್ಲ. ಈಗ ಯಾವ ಪುಸ್ತಕ ಓದ್ತಿದ್ದೀರಿ ಅಂದ.”

“ಏನೆಂದೆ?”

“ಜೀರಿಗೆ ಪೊಟ್ಟಣ ಅಂದೆ. ನಕ್ಕ. ನಗು ಚೆನ್ನಾಗಿತ್ತು.” ಆಮೇಲೆ ಸೆರಗಿನ ಅಂಚು ನೋಡುತ್ತ ಹೇಳಿದಳು: “ಸುಳ್ಳು ಹೇಳಿ ಅಂತ ನಾನು ಕೇಳಲ್ಲ. ಜ್ಞಾಪಕ ಇಲ್ಲ ಅಂದ್ಬಿಡಿ. ಅಷ್ಟೇ.”

“ಅದೂ ಸುಳ್ಳೇ.”

“ಎಲ್ಲರೂ ದಿನಾ ಹೇಳ್ತಾರೆ.”

“ಅವರಿಗೆ ನಿಜವಾಗಿ ಜ್ಞಾಪಕ ಇರುವುದಿಲ್ಲ, ಪ್ರೇಮ.”

“ಈ ಮನೇಲಿ ಯಾರೂ ಪೂರ್ತಿ ಒಂದು ಮಾತು ಆಡಲ್ಲ, ಗೊತ್ತಾ ಅಪ್ಪಾಜಿ? ಪೊಲೀಸಿನ ಮುಂದೆ ಕೂತ ಹಾಗೆ ಇರ್ತೀವಿ. ಯಾವತ್ತು ಯಾವುದು ವಾಪಸ್ ಬರುತ್ತೋ ಅಂತ. ನಾನು ಆ ಮನೆಗೆ ಹೋದರೆ, ಹಾಳು ಮೂಳು ಏನಾದ್ರೂ ಮಾತಾಡ್ತೀನಿ. ಮಾರನೇ ದಿನಕ್ಕೆ ಅದು ಇರೋದಿಲ್ಲ.”

ಬುತ್ತಿಯಲ್ಲಿ ರಾಗಿಮುದ್ದೆ, ಹುರುಳಿ ಬಸ್ಸಾರು ಇತ್ತು. ತಣ್ಣಗಾಗಿತ್ತು.

೨೪ ಫೆಬ್ರವರಿ, ಬುಧವಾರ

ವಿದ್ಯೆ ಯಾವುದಾದರೂ ಅಭ್ಯಾಸದಿಂದ ಬರುತ್ತದೆ. ಇವತ್ತು ಅಂಗಡಿಯಲ್ಲಿ ‘ಜ್ಞಾಪಕ ಇಲ್ಲ’ ಎಂಬ ವಾಕ್ಯವನ್ನು ಅಭ್ಯಾಸ ಮಾಡಿದೆ. ಒಪ್ಪಿದ್ದೇನೆ ಎಂದು ಯಾರೂ ತಿಳಿಯಬೇಕಾಗಿಲ್ಲ, ಬರೀ ಪರೀಕ್ಷೆ.

ಮೊದಲು ಪುಟ್ಟತಾಯಮ್ಮ ಬಂದು, ಮೊನ್ನೆ ಒಯ್ದ ಕರ್ಪೂರ ಯಾವುದು ಎಂದಳು. ಜ್ಞಾಪಕ ಇಲ್ಲ ಎಂದೆ. ಅವಳು ನನ್ನ ಹಣೆ ಮುಟ್ಟಿ ನೋಡಿದಳು. “ಅಯ್ಯೋ ಶಿವನೇ, ಮೈ ಸರಿಯಿಲ್ವೇನಪ್ಪ?” ಎಂದು ಎದುರು ಅಂಗಡಿಯವನನ್ನು ಕೂಗಿದಳು. ಅವನು ಬಂದು, ಪರೀಕ್ಷೆಗೆಂದು, ತನ್ನ ಮದುವೆಯ ದಿನ ಯಾವ ವಾರ ಎಂದ. ಜ್ಞಾಪಕ ಇಲ್ಲ ಎಂದೆ. “ಲಕ್ವ ಹೊಡೀತಾ ಇರಬೇಕು ಕಣ್ರೋ” ಎಂದ. ನನ್ನನ್ನು ಮಲಗಿಸಿದರು. ಅಂಗಾಲಿಗೆ ಈರುಳ್ಳಿ ಉಜ್ಜಿದರು. ಬೀದಿಯಲ್ಲಿ ಜನ ಸೇರಿತು. ಕೊನೆಗೆ ತಡೆಯಲಾರದೆ, “ಶುಕ್ರವಾರ! ಊಟಕ್ಕೆ ಕುಂಬಳಕಾಯಿ ಹುಳಿ! ನಿಮ್ಮಪ್ಪ ಕುಡಿದು ಚಪ್ಪರದ ಗಳ ಹಿಡಿದು ಅತ್ತಿದ್ದ!” ಎಂದೆ.

“ಸರಿ ಹೋಯ್ತು” ಎಂದು ಎಲ್ಲರೂ ಹೊರಟರು.

೮ ಮಾರ್ಚ್, ಸೋಮವಾರ

ಮಧ್ಯಾಹ್ನ ಅಂಗಡಿ ಮುಚ್ಚಿ ಮನೆಯಲ್ಲಿದ್ದೆ. ಸುವರ್ಣಮ್ಮ ಮೊರದ ತುಂಬ ರೇಷನ್ ಅಕ್ಕಿ ಹಾಕಿಕೊಂಡು ಕಲ್ಲು ಆರಿಸುತ್ತಿದ್ದಳು. ನಾನೂ ಒಂದು ಬದಿಯಿಂದ ಆರಿಸುತ್ತ ಕೂತೆ. ಬಹಳ ಹೊತ್ತು ಮಾತಿರಲಿಲ್ಲ. ನಮ್ಮಿಬ್ಬರಿಗೂ ಅದು ರೂಢಿ. ನಾವು ಜಗಳವಾಡಿ ಎಷ್ಟೋ ಕಾಲವಾಗಿದೆ; ಜಗಳದಲ್ಲಿ ನಾನು ಅವಳ ಹಳೆಯ ಮಾತುಗಳನ್ನು ಅವಳ ದನಿಯಲ್ಲೇ ಹೇಳಿಬಿಡುತ್ತೇನೆ ಎಂದು ಅವಳು ಜಗಳವನ್ನೇ ಬಿಟ್ಟಳು.

ಇದ್ದಕ್ಕಿದ್ದಂತೆ ರಾಚನ ಹೆಸರೆತ್ತಿದಳು.

ರಾಚ ನಮ್ಮ ಮೊದಲ ಮಗ. ಆರು ವರ್ಷಕ್ಕೆ ವಿಷಮಶೀತಜ್ವರದಲ್ಲಿ ಹೋದ. ಅವನು ಹೋದ ದಿನ ಪ್ರತಿವರ್ಷ ನಾನು ಅವನ ಕೊನೆಯ ದಿನವನ್ನು ಮನೆಯಲ್ಲಿ ಹೇಳುತ್ತಿದ್ದೆ, ಮೊದಲಿಂದ ಕೊನೆಯವರೆಗೆ. ಮಗುವಿನ ನೆನಪು ಯಾರಾದರೂ ಉಳಿಸಬೇಕಲ್ಲ? ಅದೇಕೋ ಕೆಲವು ವರ್ಷಗಳಿಂದ ಅವಳು ಆ ದಿನ ಸರಿಯಾಗಿ ನೋಡಿಕೊಂಡು ಅರಕಲಗೂಡಿಗೆ ತಮ್ಮನ ಮನೆಗೆ ಹೋಗಿಬಿಡುತ್ತಾಳೆ. ಹಾಗಾಗಿ ಗೋಡೆಗೆ ಹೇಳುತ್ತೇನೆ.

“ರೀ, ಕೊನೇಲಿ ಅವನು ನೀರು ಕೇಳಿದನಲ್ಲ,” ಎಂದಳು. ಕಣ್ಣು ಅಕ್ಕಿಯ ಮೇಲೆ. “ಪಂಡಿತರು ಬೇಡ ಅಂದಿದ್ರು. ಆದ್ರೂ ನಾನು ಚೊಂಬಿನಲ್ಲಿ ಕುಡಿಸಿದ್ನಲ್ಲ. ಒಂದು ಗುಟುಕು ಕುಡಿದ, ಅಲ್ವಾ?”

ಕುಡಿಸಲಿಲ್ಲ. ಜ್ವರದವರಿಗೆ ನೀರು ಕೊಟ್ಟರೆ ಸನ್ನಿಗೆ ತಿರುಗುತ್ತದೆ ಎಂದು ಪಂಡಿತರು ಆಣೆ ಹಾಕಿಸಿ ಹೋಗಿದ್ದರು. ಮಗು, ಅವ್ವಾ ನೀರು, ಅವ್ವಾ ನೀರು ಎನ್ನುತ್ತಿತ್ತು. ಚೊಂಬು ಕಂಡರೆ ಇನ್ನೂ ಕೇಳುತ್ತಾನೆ ಎಂದು ಅವಳು ಅದನ್ನು ಸೆರಗಿನಲ್ಲಿ ಮುಚ್ಚಿ ಹಿತ್ತಲಿಗೆ ತೆಗೆದುಕೊಂಡು ಹೋಗಿಟ್ಟಳು. ಬಾಳೆಯ ಬುಡದಲ್ಲಿ. ಅವನು ಬಾಗಿಲ ಕಡೆಗೇ ನೋಡುತ್ತಿದ್ದ. ಇದನ್ನೆಲ್ಲ ಹೇಳಲು ನನ್ನ ಬಾಯಿ ತೆರೆಯಿತು. ನಲವತ್ತು ವರ್ಷದಿಂದ ತಪ್ಪು ಕಂಡಲ್ಲಿ ತಾನಾಗಿ ತೆರೆದುಕೊಳ್ಳುವ ಬಾಯಿ.

“ಎರಡು ಗುಟುಕು ಕುಡಿದ” ಎಂದೆ.

ಅವಳ ಕೈ ಮೊರದಲ್ಲಿ ನಿಂತಿತು. ಆಮೇಲೆ ಮತ್ತೆ ಆರಿಸತೊಡಗಿದಳು.

ಪಾಪ, ಅವಳು ಪೂರ್ತಿ ಮರೆತಿದ್ದಾಳೆ.

ರೇಷನ್ ಅಕ್ಕಿಯ ವಿಚಾರ ಬರೆಯಲೇಬೇಕು. ಅರ್ಧ ಕಲ್ಲು, ಕಾಲು ಹುಳ. ಇಷ್ಟು ಕಲ್ಲು ಕೂಡಿಟ್ಟರೆ ಊರಿನ ಚರಂಡಿ ಕಟ್ಟಬಹುದು. ಈ ಬಗ್ಗೆ ಯಾರೂ ಬಾಯಿ ಬಿಡುವುದಿಲ್ಲ.

೯ ಮಾರ್ಚ್, ಮಂಗಳವಾರ

ಬೆಳಿಗ್ಗೆ ಸುವರ್ಣಮ್ಮ ನನಗೆ ಸಕ್ಕರೆ ಹಾಕಿದ ಕಾಫಿ ಕೊಟ್ಟಳು. ಎಲ್ಲಿ ಬಚ್ಚಿಟ್ಟಿದ್ದಳೋ.

೧೫ ಮಾರ್ಚ್, ಸೋಮವಾರ

ಒಪ್ಪುವೀಳ್ಯ ಮುಗಿಯಿತು. ಹೇಗೆ ಮುಗಿಯಿತೆಂದು ಕ್ರಮವಾಗಿ ಬರೆಯುತ್ತೇನೆ, ಏಕೆಂದರೆ ಇಂಥ ನಾಚಿಕೆಗೇಡಿನ ಸುಳ್ಳುಗಳನ್ನು ಒಂದೇ ಛಾವಣಿಯ ಕೆಳಗೆ ನಾನು ಕೇಳಿರಲಿಲ್ಲ.

ಛತ್ರದಲ್ಲಿ ಜನ ತುಂಬಿತ್ತು. ಚಂದ್ರಯ್ಯನವರು ಒಳ್ಳೆಯ ಮನುಷ್ಯ. ದಪ್ಪ, ಬೆವರು, ಮುಗ್ಧ ನಗೆ. ತಂದೆಯ ಮಾತು ಬಂದರೆ ಕಣ್ಣು ತೇವವಾಗುತ್ತದೆ. ತಟ್ಟೆಯಲ್ಲಿ ವೀಳ್ಯ, ತೆಂಗಿನಕಾಯಿ ಇಟ್ಟು, ಅಯ್ಯನವರು ಮಂತ್ರ ಮುಗಿಸಿ, ಬದಲಾಯಿಸಿಕೊಳ್ಳಿ ಎನ್ನುವಾಗ ಚಂದ್ರಯ್ಯ ಕೈ ಮುಗಿದು ಎದ್ದರು.

“ಬೀಗರೇ, ಒಂದು ಮಾತು. ಪ್ಲೇಗಿನ ವರ್ಷ ನಮ್ಮ ತಂದೆಯೋರು ಏನು ಮಾಡಿದ್ರು ಅಂತ ನೀವು ಕಣ್ಣಾರೆ ಕಂಡೋರು. ನಿಮ್ಮ ಬಾಯಲ್ಲಿ ಬಂದ್ರೆ ಅದು ಶಾಸನ. ನನ್ನ ಮಗನೂ ಕೇಳಲಿ.”

ನಾನು ಎದ್ದೆ. ಮಗಳು ತಲೆ ಎತ್ತಲಿಲ್ಲ. ಸುವರ್ಣಮ್ಮ ಕಂಬದ ಹತ್ತಿರ ನಿಂತಿದ್ದಳು, ನನ್ನನ್ನೇ ನೋಡುತ್ತಿದ್ದಳು. ಹಿತ್ತಾಳೆ ಬಳೆ, ಕಿಟಕಿ, ಕೆಂಪು ಅಂಚಿನ ಕಂಬಳಿ ಎಲ್ಲ ನಾಲಿಗೆಯ ತುದಿಗೆ ಬಂದು ಸಾಲಾಗಿ ನಿಂತವು.

“ಜ್ಞಾಪಕ ಇಲ್ಲ” ಎಂದೆ.

ಬಸವರಾಜು ಉಸಿರು ಬಿಟ್ಟ. ಆದರೆ ಛತ್ರದಲ್ಲಿ ಯಾರೂ ಉಸಿರು ಬಿಡಲಿಲ್ಲ. ನಾವು ಯಾರೂ ಯೋಚಿಸದೆ ಹೋದ ಸಂಗತಿ ಆಗ ಹೊಳೆಯಿತು: ಬೇರೆ ಯಾರೇ ಈ ಮಾತು ಹೇಳಿದರೂ ಅದು ಮರೆವು. ನಾನು ಹೇಳಿದರೆ ಅದು ಸಾಕ್ಷಿ. ಗಂಗಾಧರಯ್ಯ ಜ್ಞಾಪಕ ಇಲ್ಲ ಎಂದರೆ, ಅಲ್ಲಿ ಹೇಳಬಾರದ್ದೇನೋ ಇದೆ ಎಂದು ನಾಲ್ಕು ತಾಲ್ಲೂಕಿಗೆ ಗೊತ್ತು. ಚಂದ್ರಯ್ಯನವರ ನಗೆ ಮುಖದ ಮೇಲೆ ಹಾಗೇ ಉಳಿಯಿತು, ಕಣ್ಣಲ್ಲಿ ಮಾತ್ರ ಹೋಯಿತು. ಅವರ ಕೈ ತಟ್ಟೆಯಿಂದ ಹಿಂದೆ ಸರಿಯಿತು.

ಆಗ ಹೆಂಗಸರ ಸಾಲಿನಿಂದ ಗುರುಸಿದ್ದಮ್ಮತ್ತೆ ಎದ್ದಳು. ಆ ಬಾಗಿಲಲ್ಲಿ ನಿಂತವಳು. ಮದುವೆಯಾದ ವರ್ಷವೇ ಬಳೆ ಒಡೆಸಿಕೊಂಡವಳು.

“ಅವನನ್ನೇನು ಕೇಳ್ತೀಯಪ್ಪ ಚಂದ್ರಯ್ಯ, ಅವನು ಆಗ ಗಾಡೀಲಿ ಬಾಯ್ಬಿಟ್ಕೊಂಡು ಮಲಗಿದ್ದ. ನನ್ನ ಕೇಳು. ನಾನಿದ್ದೆ. ನಿಮ್ಮಪ್ಪ ದೀಪ ಹಿಡ್ಕೊಂಡು ತಾನೇ ಬಂದು ಬಾಗಿಲು ತೆಗೆದ್ರು.”

ನಾನು ಮಲಗಿರಲಿಲ್ಲ. ದೀಪ ಇರಲಿಲ್ಲ.

“ನಮ್ಮ ಯಜಮಾನ್ರಿಗೆ ಬಿಸಿ ಹಾಲು ಕೊಟ್ರು,” ಎಂದು ಮುಂದುವರಿಸಿದಳು. ದನಿ ಸ್ವಲ್ಪವೂ ನಡುಗಲಿಲ್ಲ. “ಅವರ ಆಯುಸ್ಸು ಅಷ್ಟೇ ಇತ್ತು, ಅದಕ್ಕೆ ನಿಮ್ಮಪ್ಪ ಏನು ಮಾಡ್ತಾರೆ? ಪುಣ್ಯಾತ್ಮ.”

ಹಿಂದೆ ಕೂತಿದ್ದ ಬೈರಯ್ಯನೂ ಎದ್ದ; ಅವತ್ತಿನ ಗಾಡಿಯವನೇ. “ಊಂ ಸಾಮಿ. ನನ್ ಎತ್ಗೋಳ್ಗೂ ಉಲ್ಲು ಆಕ್ಸಿದ್ರು. ಅಸೀ ಉಲ್ಲು.” ಇನ್ನೂ ಇಬ್ಬರು ಮುದುಕರು ಹೌದು ಹೌದು ಎಂದು ತಲೆ ಆಡಿಸಿದರು. ಅವರೂ ಹಿಂದಿನ ಗಾಡಿಗಳಲ್ಲಿದ್ದವರು.

ಚಂದ್ರಯ್ಯ ಗಳಗಳ ಅತ್ತು, ಅತ್ತೆಯ ಕಾಲಿಗೆ ಬಿದ್ದು, ವೀಳ್ಯ ಬದಲಾಯಿಸಿದರು. ಸುಳ್ಳು ಹೇಳಬೇಕಾದರೂ ಒಂದು ಮಿತಿ ಬೇಡವೇ? ಹಸಿ ಹುಲ್ಲಂತೆ! ಪ್ಲೇಗು ಬಂದದ್ದು ಬೇಸಗೆಯಲ್ಲಿ.

೧೭ ಮಾರ್ಚ್, ಬುಧವಾರ

ತಡೆಯಲಾರದೆ ಬೈರಯ್ಯನ ಕಣಕ್ಕೆ ಹೋದೆ. ಹುರುಳಿ ತೂರುತ್ತಿದ್ದ.

“ಬೈರಯ್ಯ, ನಿನಗೆ ನಿಜವಾಗಿಯೂ ಜ್ಞಾಪಕವಿಲ್ಲವೇ?”

“ಇಲ್ದೆ ಏನ್ ಸಾಮಿ. ಆವಯ್ಯ ಮಾಳಿಗೆ ಮ್ಯಾಲಿಂದ ‘ಯಾರೂ ಇಲ್ಲ’ ಅಂದಿದ್ದು ಇನ್ನೂ ಕಿವೀಲೈತೆ. ನೀವು ನಕ್ಕಿದ್ದೂ ಗ್ಯಾಪ್ಕ ಐತೆ. ನಾನೇ ಅಲ್ವಾ ಮೊಟಕಿದ್ದು.”

“ಮತ್ತೆ ಎತ್ತಿಗೆ ಹುಲ್ಲು ಹಾಕಿದರು ಎಂದೆ?”

“ಎತ್ತು ಸತ್ತೋಗಿ ಯಾವ ಕಾಲ ಆಯ್ತು. ಅದೇನ್ ಬಂದು ಇಲ್ಲ ಅಂದಾತಾ?” ಮೊರ ಕೆಳಗಿಟ್ಟ. “ನೀವೊಳ್ಳೆ. ಊರ್ನಾಗೆ ಎಲ್ಲಾರ್ಗೂ ಎಲ್ಲಾ ಗ್ಯಾಪ್ಕ ಐತೆ ಸಾಮಿ. ಅದ್ನೆಲ್ಲ ಬೀದೀಗ್ ಆಕ್ಕೊಂಡ್ ಕುಂತ್ರೆ ಬದುಕು ಮಾಡೋದ್ ಯಾವಾಗ? ನಿಮ್ಮತ್ತೆ ಮರ್ತವ್ರೆ ಅಂದ್ಕಂಡ್ರಾ? ಆ ಕಂಬ್ಳಿ ಇನ್ನೂ ಅವ್ರ ಪೆಟ್ಗೇಲೈತೆ. ಮಗೀನ್ ಮದ್ವೆ ಆಗ್ಲಿ ಅಂತ ಏಳಿದ್ರು, ಆಯ್ತು.”

ದಾರಿಯುದ್ದಕ್ಕೂ ಕೋಪದಿಂದ ನಡೆದೆ. ಮನೆಯಲ್ಲಿ ಸುವರ್ಣಮ್ಮ ಹಿತ್ತಲಲ್ಲಿ ಬಾಳೆಗೆ ನೀರು ಹಾಕುತ್ತಿದ್ದಳು. ಅಲ್ಲಿಯೇ ನಿಂತು ನೋಡಿದೆ.

“ಏನು ಹಾಗೆ ನೋಡ್ತೀರಿ?” ಎಂದಳು.

“ಏನಿಲ್ಲ” ಎಂದೆ.

ಅವಳು ಪೂರ್ತಿ ಮರೆತಿದ್ದಾಳೆ ಎಂದು ಎಂಟನೆಯ ತಾರೀಖು ಬರೆದಿದ್ದೆ. ಆ ಸಾಲನ್ನು ಹೊಡೆದುಹಾಕೋಣವೆಂದು ಪುಟ ತೆಗೆದೆ. ಹೊಡೆಯಲಿಲ್ಲ.

ಆದ್ದರಿಂದ ಊರನ್ನು ಕೇಳುತ್ತೇನೆ; ಬರುವ ಸಂತೆಯ ದಿನ ಛತ್ರದ ಜಗುಲಿಯ ಮೇಲೆ ನಿಂತು ಗಟ್ಟಿಯಾಗಿ ಓದುತ್ತೇನೆ. ನಿಮಗೆಲ್ಲ ಜ್ಞಾಪಕ ಇತ್ತು. ಇದ್ದೂ ಇಷ್ಟು ವರ್ಷ ನನ್ನೊಬ್ಬನಿಗೆ ಶಾಲು ಹೊದಿಸಿ, ನನ್ನೊಬ್ಬನನ್ನೇ ಕೊಂಕುಬಾಯಿ ಎಂದಿರಿ. ಬಾಯಿ ಮುಚ್ಚಿಕೊಳ್ಳುವುದು ಒಂದು ವಿದ್ಯೆ ಎಂದು, ಅದನ್ನು ನೀವೆಲ್ಲ ಕಲಿತಿದ್ದೀರಿ ಎಂದು ನನಗೆ ಯಾರೂ ಏಕೆ ಹೇಳಲಿಲ್ಲ? ಯಾರು ಯಾರು ಏನೇನನ್ನು ನುಂಗಿಕೊಂಡಿದ್ದೀರಿ, ಯಾರ ಸಲುವಾಗಿ? ನಾನು ತಿದ್ದಿ ತಿದ್ದಿ ಹೇಳುತ್ತಿದ್ದಾಗ ನಿಮ್ಮಲ್ಲಿ ಎಷ್ಟು ಜನ ಮನೆಗೆ ಹೋಗಿ ಅತ್ತಿರಿ? ಹಾಡಹಗಲಿನಲ್ಲಿ, ನಾಲ್ಕು ಜನದ ಮುಂದೆ, ಒಬ್ಬೊಬ್ಬರೇ ಎದ್ದು ನಿಂತು ಇದಕ್ಕೆ ಉತ್ತರ ಕೊಡಬೇಕು. ಗುರುಸಿದ್ದಮ್ಮತ್ತೆಯೂ ಕೊಡಬೇಕು, ಬೈರಯ್ಯನೂ ಕೊಡಬೇಕು.

ಸುವರ್ಣಮ್ಮನನ್ನು ಮಾತ್ರ ಯಾರೂ ಏನೂ ಕೇಳಕೂಡದು. ಉಳಿದವರು ಉತ್ತರ ಹೇಳಿ.